ಗಾಳಿಸಿದ ನೀರು ಮತ್ತು ಸೂಕ್ಷ್ಮದರ್ಶಕ

ಒಂದು ಹನಿ ನೀರಿನಲ್ಲಿ 36,450 ಜೀವಿಗಳಿರುವುದನ್ನು ವಿಜ್ಞಾನವು ಸೂಕ್ಷ್ಮದರ್ಶಕದಿಂದ ಕಂಡಿದೆ, ಆದುದರಿಂದ ಜಿನವಾಣಿ ಸತ್ಯ ಎಂಬ ಮಾತು ಜೈನ ಕಿರುಹೊತ್ತಗೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ. ಈ ‘ಆದುದರಿಂದ’ ಎಂಬಲ್ಲಿ ಶ್ರಾವಕರು ತುಸು ನಿಂತು ವಿಚಾರಿಸಬೇಕು. ಹನಿಯಲ್ಲಿ ಕಾಣುವ ಜೀವಿಗಳ ಸಂಖ್ಯೆ ಕೆರೆಯಿಂದ ಕೆರೆಗೆ, ಋತುವಿನಿಂದ ಋತುವಿಗೆ ಬೇರೆ. ನಾಳೆ ಎಣಿಕೆ ಬದಲಾದರೆ ಸರ್ವಜ್ಞನ ವಾಣಿಯೂ ಬದಲಾಗುವುದೇ?

ಇನ್ನೂ ಒಂದು ತೊಡಕುಂಟು. ಮಸೂರದಡಿ ಕಾಣುವುದು ನೀರಿನಲ್ಲಿ ಚಲಿಸುವ ಜೀವಿಗಳು. ಆಗಮವು ಹೇಳುವ ಅಪ್ಕಾಯಿಕ ಜೀವಕ್ಕಾದರೋ ನೀರೇ ಶರೀರ. ಅದನ್ನು ಯಾವ ಮಸೂರವೂ ತೋರಿಸಿಲ್ಲ. ತತ್ತ್ವಾರ್ಥಸೂತ್ರದ ಕರ್ತೃವು ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದಾಗಿ ವಿಂಗಡಿಸಿ, ಇಂದ್ರಿಯ ಮತ್ತು ಮನಸ್ಸುಗಳ ನೆರವು ಬೇಡುವ ಮೊದಲೆರಡನ್ನು ಪರೋಕ್ಷವೆಂದರು. ಆತ್ಮವು ನೇರವಾಗಿ ಅರಿಯುವ ಉಳಿದ ಮೂರೇ ಪ್ರತ್ಯಕ್ಷ. ಲೋಕವು ‘ಕಣ್ಣಾರೆ ಕಂಡದ್ದು’ ಎಂದು ನಂಬುವುದೇ ಇಲ್ಲಿ ಪರೋಕ್ಷ. ಯಂತ್ರವು ಕಣ್ಣಿನ ಬಲವನ್ನು ಹೆಚ್ಚಿಸಬಲ್ಲುದು. ಮತಿಜ್ಞಾನದ ಗಡಿಯನ್ನು ದಾಟಿಸಲಾರದು. ಪರೋಕ್ಷದಿಂದ ಪ್ರತ್ಯಕ್ಷಕ್ಕೆ ಪ್ರಮಾಣಪತ್ರ ಕೇಳುವುದು ತಲೆಕೆಳಗಾದ ಕ್ರಮ.

ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ವೃತ್ತಿಯಿಂದ ಬಟ್ಟೆಯ ವ್ಯಾಪಾರಿ. ನೀರಿನಲ್ಲಿ ಕಂಡ ಕಿರುಜೀವಿಗಳ ವಿಚಾರವನ್ನು ಆತ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆ ಕಾಣ್ಕೆ ಅದ್ಭುತವಾದುದು. ಆದರೆ ಕಂಡದ್ದರಿಂದ ಆ ಜೀವಿಗಳ ವಿಷಯದಲ್ಲಿ ಯಾರಿಗೂ ಯಾವ ವ್ರತವೂ ಹುಟ್ಟಲಿಲ್ಲ. ಸೂಕ್ಷ್ಮಜೀವಿಗಳ ಅರಿವು ಬೆಳೆದಂತೆ ನೀರಿಗೆ ಕ್ಲೋರಿನ್ ಬಂದಿತು. ಅದು ಕಾಲರಾದಿಂದ ಅಸಂಖ್ಯ ಮಕ್ಕಳನ್ನು ಉಳಿಸಿದೆ; ಅಲ್ಲವೆನ್ನುವುದು ಕೃತಘ್ನತೆಯಾದೀತು, ಅನೇಕಾಂತಕ್ಕೂ ದೂರ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ನೂರಕ್ಕೆ 48ರಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇದನ್ನು ಕೇಳಿದೊಡನೆ ‘ನಮ್ಮ ಆಚಾರವೇ ಗೆದ್ದಿತು’ ಎನ್ನುವ ಹುಮ್ಮಸ್ಸು ಸಹಜ. ಆದರೆ ಅಲ್ಲಿ ಕೇಳಿದ ಪ್ರಶ್ನೆ ಕುಡಿಯುವವನ ಕ್ಷೇಮದ್ದು. ಶ್ರಾವಕನ ಬಟ್ಟೆ ಕೇಳುವ ಪ್ರಶ್ನೆ ಬೇರೆ. ಅವನು ಗಾಳಿಸಿದ ನೀರಿಗೆ ಎರಡು ಘಳಿಗೆಯ, ಎಂದರೆ 48 ನಿಮಿಷದ ಅವಧಿಯನ್ನಿಟ್ಟು, ಮೀರಿದರೆ ಮತ್ತೆ ಗಾಳಿಸುತ್ತಾನೆ. ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲದೆ, ಸೇದಿದ ಬಾವಿಗೇ ಮೆಲ್ಲನೆ ಇಳಿಸುತ್ತಾನೆ. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಈ ಕಡೆಯ ಕೆಲಸಕ್ಕೆ ಅರ್ಥವೇ ಇಲ್ಲ. ವ್ರತವಿರುವುದು ಅಲ್ಲಿಯೇ.

ಈಗ ಬಸದಿಗಳಿಗೆ ಕೊಳವೆಬಾವಿ ಬಂದಿದೆ, ಶುದ್ಧೀಕರಣ ಯಂತ್ರ ಬಂದಿದೆ. ಯಂತ್ರದ ನೀರನ್ನು ಯಾತ್ರಿಕರಿಗೆ ಕೊಡುವುದರಲ್ಲಿ ದೋಷವೆಣಿಸಬೇಕಾಗಿಲ್ಲ. ಆದರೆ ನೂರಾರು ಅಡಿ ಆಳದಿಂದ ಕೊಳವೆಯಲ್ಲಿ ಬಂದ ನೀರನ್ನು ಗಾಳಿಸಿದ ಮೇಲೆ ಬಟ್ಟೆಯ ಜೀವಿಗಳನ್ನು ಯಾವ ನೀರಿಗೆ ಮರಳಿಸುವುದು? ಅಭಿಷೇಕಕ್ಕೆ ಬಾವಿಯ ನೀರನ್ನೇ ಸೇದುವ ಬಸದಿಗಳು ಇಂದಿಗೂ ಇವೆ. ಬಳಕೆ ತಪ್ಪಿದ ಹಳೆಯ ಬಾವಿಯನ್ನು ಮುಚ್ಚಿಸುವ ಠರಾವು ಟ್ರಸ್ಟಿನ ಸಭೆಯ ಮುಂದೆ ಬಂದಾಗ, ಸಹಿಗೆ ಮೊದಲು ಈ ಪ್ರಶ್ನೆಯೂ ಚರ್ಚೆಗೆ ಬರಬೇಕು.