ಯುಕ್ತದ ಪ್ರಮಾಣ

ಭಗವದ್ಗೀತೆಯ 6ನೆಯ ಅಧ್ಯಾಯವು, ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಹೇಳಿ ಯುಕ್ತವಾದ ಆಹಾರವಿಹಾರಗಳನ್ನು ವಿಧಿಸುತ್ತದೆಯಾದರೂ, ಆ ಯುಕ್ತವೆಂಬುದು ಎಷ್ಟೆಂಬುದನ್ನು ಅಳೆದುಕೊಡುವುದಿಲ್ಲ. ಶಾಸ್ತ್ರವು ಇಷ್ಟು ಮುಖ್ಯವಾದ ವಿಷಯದಲ್ಲಿ ಮೌನ ತಾಳಿದುದೇಕೆಂಬುದಕ್ಕೆ ಉತ್ತರವು ನನಗೆ ಯಂತ್ರಗಳ ವ್ಯವಹಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮಲಪ್ರಭೆಯ ಕಾಲುವೆಯ ದಂಡೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನು ಕರಿಹೊಗೆ ಉಗುಳತೊಡಗಿದರೆ, ಗಾಳಿ ಸಾಲದಾಯಿತೋ ಹೊರೆ ಮೀರಿತೋ ಎಂದು ನರಗುಂದದ ರೈತನು ಕೂಡಲೇ ವಿಚಾರಿಸುತ್ತಾನೆ. ಇಂಧನದ ಯುಕ್ತಪ್ರಮಾಣವು ಗಾಳಿಯನ್ನೂ ಹೊರೆಯನ್ನೂ ಅವಲಂಬಿಸಿದೆಯೆಂಬ ಈ ತತ್ತ್ವವೇ ಇನ್ನೂ ಸೂಕ್ಷ್ಮವಾಗಿ ಗೋಚರಿಸುವುದು ಪಂದ್ಯದ ಮಾದರಿ ದೋಣಿಗಳ ನೈಟ್ರೋ ಎಂಜಿನ್ನುಗಳಲ್ಲಿ. 3.5 ಅಥವಾ 7.5 ಸಿಸಿಯ ಆ ಪುಟ್ಟ ಯಂತ್ರಕ್ಕೆ ಮೆಥನಾಲ್, ನೈಟ್ರೋಮೀಥೇನ್, ಔಡಲೆಣ್ಣೆಗಳ ಮಿಶ್ರಣವೇ ಆಹಾರ. ಒಮ್ಮೆ ಹೊತ್ತಿತೆಂದರೆ ಬ್ಯಾಟರಿಯ ಹಂಗಿಲ್ಲದೆ, ಪ್ಲಗ್ಗಿನ ಪ್ಲಾಟಿನಂ ತಂತಿಯು ಮೆಥನಾಲಿನ ಸಂಪರ್ಕದಿಂದಲೇ ಕೆಂಪಗೆ ಕಾದಿರುತ್ತದೆ. ಕಾರ್ಬೊರೇಟರಿನ ಸೂಜಿಯನ್ನು ತುಸು ಒಳಗೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ವೇಗವೇರುತ್ತದೆ, ಧ್ವನಿ ಬಿಗಿಯಾಗುತ್ತದೆ. ನೋಡುವವನಿಗೆ ಅದು ಪರಮಸಿದ್ಧಿಯೆಂದೇ ತೋರೀತು. ಆದರೆ ಭಾಗಗಳನ್ನು ಕಾಯುವ ಎಣ್ಣೆಯೂ ಆ ಇಂಧನದೊಡನೆಯೇ ಬರತಕ್ಕುದಾದುದರಿಂದ, ಉಪವಾಸವು ಮಿತಿಮೀರಿದೊಡನೆ ಸ್ನೇಹವೂ ಬತ್ತಿ, ಪಿಸ್ಟನ್ ಕಾದು ಕೆರೆದು ಹಾಳಾಗುತ್ತದೆ. ಕಠೋರ ವ್ರತಗಳಿಂದ ತೇಜಸ್ವಿಗಳಾಗಿಯೂ ಮನೆಯವರ ಪಾಲಿಗೆ ಶುಷ್ಕರಾಗಿಹೋದ ಸಾಧಕರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲದೆ, ದಡದಲ್ಲಿ ಸರಿಹೊಂದಿಸಿದ ಸೂಜಿಯು ನೀರಿನಲ್ಲಿ ಸರಿಯಾಗಿರುವುದಿಲ್ಲ. ದೋಣಿಯು ವೇಗ ಹೆಚ್ಚಿ ನೀರಿನ ಮೇಲಕ್ಕೆದ್ದೊಡನೆ ಪ್ರೊಪೆಲ್ಲರಿನ ಹೊರೆ ಹಗುರಾಗಿ, ಓಟ ಏರಿ, ಎಂಜಿನ್ನಿಗೆ ಇಂಧನ ಸಾಲದಾಗುತ್ತದೆ. ಆದುದರಿಂದ ಬಲ್ಲವರು ದಡದಲ್ಲಿ ತುಸು ಹೆಚ್ಚನ್ನೇ ಬಿಟ್ಟಿರುತ್ತಾರೆ. ಬೇಸಗೆಯ ಗಾಳಿಗೆ ಹೊಂದಿದ ಅಳತೆ ಚಳಿಗಾಲಕ್ಕೆ ಹೊಂದದು. ಹೀಗಿರಲು, ಎರಡು ಎಂಜಿನ್ನುಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ, ಯಾವ ದೋಣಿಯಲ್ಲಿ, ಯಾವ ಪ್ರೊಪೆಲ್ಲರಿನೊಡನೆ ಎಂಬುದನ್ನು ತಿಳಿಯದೆ ಉತ್ತರ ಹೇಳಲಾಗದು. ಮನುಷ್ಯರನ್ನು ತೂಗುವಾಗಲೂ ಹೀಗೆಯೇ. ಮಧ್ವಮತವು ಜೀವರಲ್ಲಿ ಸ್ವರೂಪತಃ ತಾರತಮ್ಯವುಂಟೆಂದು ಪ್ರತಿಪಾದಿಸುತ್ತದೆ. ಅದನ್ನು ಒಪ್ಪಿದರೂ, ಆ ತಾರತಮ್ಯವನ್ನು ನಿರ್ಣಯಿಸುವ ಅಧಿಕಾರವು ಅದೇ ಪಂಕ್ತಿಯಲ್ಲಿ ಕುಳಿತ ನಮಗೆ ಬಂದುದಲ್ಲ.

ಶ್ರಾವಣ ಸೋಮವಾರಗಳು ಬರುವುದು ರೋಣದ ಸೀಮೆಯಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿಯೇ. ಅಂದು ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲುಗಳನ್ನು ನಿರಾಹಾರನಾಗಿ ಏರಿದವನು, ನಸುಕಿನಲ್ಲಿಯೇ ರೊಟ್ಟಿ ತಿಂದು ಸಂಜೆಯವರೆಗೆ ಎರೆಹೊಲದ ಸಾಲಿನಲ್ಲಿ ಬಾಗಿ ದುಡಿದವಳಿಗಿಂತ ಶಿವನಿಗೆ ಸಮೀಪನಾದನೆಂದು ಹೇಳುವವರು, ಅವಳ ಮೇಲಿದ್ದ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.