ಬೇಟೆಗಾರನ ತೆರಿಗೆಯೂ ದಯೆಯ ಹೊಣೆಯೂ

ದಾನವು ಶ್ರೇಷ್ಠವೆಂಬ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ದಾನದ ಹಣವು ಯಾವ ಕೆಲಸದಿಂದ ಬಂದಿತೆಂದು ಕೇಳಿದೊಡನೆ ವಿಚಾರವು ಜಟಿಲವಾಗುವುದು. ಕೊಲ್ಲುವವನ ಹಣದಿಂದ ಕಾಯುವ ಕಾರ್ಯವು ನಡೆಯಬಹುದೆ? ನಡೆದರೆ ಅದರ ಶ್ರೇಯಸ್ಸು ಯಾರಿಗೆ ಸಲ್ಲತಕ್ಕದ್ದು? ಇದು ಬರಿಯ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯಗಳು ನಡೆಸುವ ವನ್ಯಜೀವಿರಕ್ಷಣೆಯ ಕಾರ್ಯವು ಸುಮಾರು ಒಂಬತ್ತು ದಶಕಗಳಿಂದ ಬಹುಮಟ್ಟಿಗೆ ಬೇಟೆ ಮತ್ತು ಬಂದೂಕುಗಳ ಹಣದಿಂದಲೇ ಸಾಗಿಬಂದಿದೆ.

ಇದರ ಹಿನ್ನೆಲೆಯನ್ನು ಮೊದಲು ತಿಳಿಯುವುದು ಯುಕ್ತ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದಲ್ಲಿ ಮಾಂಸ, ಚರ್ಮ, ಗರಿಗಳ ವ್ಯಾಪಾರಕ್ಕಾಗಿ ಮಿತಿಯಿಲ್ಲದ ಬೇಟೆ ನಡೆಯಿತು. ಕೋಟಿಗಟ್ಟಲೆಯಾಗಿ ಬಯಲುಗಳಲ್ಲಿ ಮೇಯುತ್ತಿದ್ದ ಬೈಸನ್ ಎಂಬ ಕಾಡುದನಗಳಲ್ಲಿ ಕೆಲವು ನೂರು ಮಾತ್ರ ಉಳಿದವು. ಹಾರಿದಾಗ ಸೂರ್ಯನನ್ನೇ ಮರೆಮಾಡುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕುಲದ ಕಟ್ಟಕಡೆಯ ಹಕ್ಕಿಯು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆಗ ಎಚ್ಚೆತ್ತವರಲ್ಲಿ ಬೇಟೆಗಾರರೂ ಇದ್ದರೆಂಬುದನ್ನು ಮರೆಯಲಾಗದು. 1934ರಲ್ಲಿ ಬಾತುಗಳನ್ನು ಬೇಟೆಯಾಡುವವರು ಒಂದು ಡಾಲರಿನ ಚೀಟಿಯನ್ನು ಕೊಳ್ಳಬೇಕೆಂದು ಕಾನೂನಾಯಿತು. ಆ ಹಣದಿಂದ ಹಕ್ಕಿಗಳು ತಂಗುವ ಜೌಗುನೆಲಗಳನ್ನು ಕೊಂಡು ಕಾಪಾಡತೊಡಗಿದರು. 1937ರಲ್ಲಿ ಅಧ್ಯಕ್ಷ ರೂಸ್ವೆಲ್ಟರು ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿಗೆ ಅಂಕಿತ ಹಾಕಿದರು. ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ನೂರಕ್ಕೆ 11ರಂತೆ ಬರುವ ತೆರಿಗೆಯು ಅಂದಿನಿಂದ ವನ್ಯಜೀವಿಗಳಿಗೆ ಮೀಸಲಾಯಿತು. ಯೋಜನೆಯೊಂದರ ವೆಚ್ಚದಲ್ಲಿ ಮುಕ್ಕಾಲು ಪಾಲಿನವರೆಗೆ ಈ ನಿಧಿಯಿಂದ ದೊರೆಯುವುದು. ಉಳಿದುದನ್ನು ರಾಜ್ಯವು ಹಾಕಬೇಕು. ಬೇಟೆಯ ಪರವಾನಗಿಯ ಹಣವನ್ನು ರಾಜ್ಯವು ಅನ್ಯ ಕಾರ್ಯಕ್ಕೆ ತಿರುಗಿಸಕೂಡದೆಂಬ ನಿಯಮವೂ ಉಂಟು.

ಫಲವೇನಾಯಿತು? ವಿರಳವಾಗಿದ್ದ ಬಿಳಿಬಾಲದ ಜಿಂಕೆಗಳೂ ಕಾಡು ಟರ್ಕಿಕೋಳಿಗಳೂ ಲಕ್ಷಗಟ್ಟಲೆಯಾಗಿ ಮರಳಿ ಬೆಳೆದವು. ಆದುದರಿಂದ ಬೇಟೆಗಾರನು ಹೀಗೆ ವಾದಿಸುವನು: “ನಾನು ಒಂದನ್ನು ಕೊಂದು ನೂರನ್ನು ಉಳಿಸಿದೆನು. ನನ್ನನ್ನು ಹಳಿಯುವವರು ಏನು ಕೊಟ್ಟರು?” ಈ ಪೂರ್ವಪಕ್ಷವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಆದರೂ ಫಲವೊಂದರಿಂದಲೇ ಕಾರ್ಯದ ಶುದ್ಧಿ ನಿರ್ಣಯವಾಗದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಹಾಕಿ ಬರುವಂತೆ ಲಕ್ಕಮ್ಮನು ಹೇಳಿದ ಕಥೆಯು ಸರ್ವವಿದಿತ. ಅಕ್ಕಿಯಲ್ಲಿ ದೋಷವಿರಲಿಲ್ಲ, ದಾಸೋಹಕ್ಕೆ ಅದು ಉಪಯೋಗವಾಗುತ್ತಲೂ ಇತ್ತು. ಆದರೆ ದಾಸೋಹದ ಬೆಲೆಯು ರಾಶಿಯ ಗಾತ್ರದಲ್ಲಿಲ್ಲ, ಅದು ಬಂದ ಬಗೆಯಲ್ಲಿದೆ ಎಂಬುದು ಆ ತಾಯಿಯ ವಿವೇಕ. ಅದೇ ಒರೆಗಲ್ಲಿಗೆ ಈ ನಿಧಿಯನ್ನು ಹಚ್ಚಿದರೆ ಎರಡು ದೋಷಗಳು ತೋರುವುವು.

ಮೊದಲನೆಯದು, ಹಣವು ಬೇಟೆಯ ಆಸಕ್ತಿಯನ್ನು ಹಿಂಬಾಲಿಸುವುದು. ಜಿಂಕೆಗೂ ಬಾತಿಗೂ ಪೋಷಕರುಂಟು. ಯಾರೂ ಬೇಟೆಯಾಡದ ಕಪ್ಪೆಗೂ ಪುಟ್ಟ ಹಾಡುಹಕ್ಕಿಗೂ ಅಂಥ ಪೋಷಕರಿಲ್ಲ. ಎರಡನೆಯದು ಇನ್ನೂ ಗಂಭೀರವಾದುದು. ನಿಧಿಯನ್ನು ರಾಜ್ಯಗಳಿಗೆ ಹಂಚುವಾಗ ಅರ್ಧವನ್ನು ನೆಲದ ವಿಸ್ತಾರದ ಮೇಲೂ ಅರ್ಧವನ್ನು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯ ಮೇಲೂ ಎಣಿಸುವರು. ಬೇಟೆಗಾರರು ಕಡಿಮೆಯಾದರೆ ರಕ್ಷಣೆಗೂ ಹಾನಿ. ಆದುದರಿಂದಲೇ 2019ರಲ್ಲಿ ಈ ಕಾನೂನನ್ನು ತಿದ್ದಿ, ಹೊಸ ಬೇಟೆಗಾರರನ್ನು ಕೂಡಿಸಿಕೊಳ್ಳಲು ಇದೇ ಹಣವನ್ನು ಬಳಸಬಹುದೆಂದು ವಿಧಿಸಲಾಯಿತು. ಕಾಯುವುದಕ್ಕಾಗಿ ಕೊಲ್ಲುವವರನ್ನು ಹುಡುಕಬೇಕಾದ ಸ್ಥಿತಿಯಿದು. ಮೇಲಾಗಿ, ಇಂದು ಈ ತೆರಿಗೆಯ ದೊಡ್ಡ ಪಾಲು ಬೇಟೆಯನ್ನೇ ಆಡದೆ ಬಂದೂಕು ಕೊಳ್ಳುವವರಿಂದ ಬರುತ್ತಿದೆ. ಮೂಕಪ್ರಾಣಿಗಳ ಬಾಳು ಆಯುಧದ ಮಾರಾಟಕ್ಕೆ ಕಟ್ಟುಬೀಳುವುದು ಧರ್ಮದ ದೃಷ್ಟಿಯಿಂದ ಸಮಾಧಾನಕರವಲ್ಲ.

ಹಾಗಾದರೆ ದೋಷವು ಬೇಟೆಗಾರನದೆ? ಇಲ್ಲಿಯೇ ವಿಚಾರವು ಓದುವವನ ಕಡೆಗೆ ತಿರುಗುವುದು. 2016ರ ಸರಕಾರಿ ಗಣತಿಯಂತೆ ಆ ದೇಶದಲ್ಲಿ ಬೇಟೆಗಾರರು 1 ಕೋಟಿ 15 ಲಕ್ಷ. ವನ್ಯಜೀವಿಗಳನ್ನು ಬರಿದೆ ನೋಡಿ ಸಂತೋಷಪಡುವವರು 8 ಕೋಟಿ 60 ಲಕ್ಷ. ಬಂದೂಕಿಗೆ ಇರುವಂಥ ತೆರಿಗೆಯು ದುರ್ಬೀನಿಗೆ ಇಲ್ಲ. ಅಂಥ ಸಾಮಗ್ರಿಗಳ ಮೇಲೂ ತೆರಿಗೆ ಹಾಕಬೇಕೆಂದು 1990ರ ದಶಕದಲ್ಲಿ ಎದ್ದ ಸಲಹೆಯು ವಿರೋಧದಿಂದ ಬಿದ್ದುಹೋಯಿತು. ಬೊಕ್ಕಸದಿಂದಲೇ ಹೆಚ್ಚಿನ ಹಣ ಕೊಡುವ ಮಸೂದೆಯು 2022ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾದರೂ ಕಾನೂನಾಗಲಿಲ್ಲ. ಕೊಲ್ಲದಿರುವುದು ಒಳ್ಳೆಯದು; ಆದರೆ ಕೊಲ್ಲದೆಯೂ ಕೊಡದೆಯೂ ಕುಳಿತು ಕೊಡುವವನನ್ನು ನಿಂದಿಸುವವನ ದಯೆಯು ಮಾತಿನ ದಯೆಯೇ ಸರಿ.

ಇದಕ್ಕೆ ಪರಿಹಾರವಿಲ್ಲವೆಂದೇನೂ ಅಲ್ಲ. ಮಿಸೌರಿ ರಾಜ್ಯದ ಜನರು 1976ರಲ್ಲಿ ಮತ ಕೊಟ್ಟು, ಮಾರಾಟ ತೆರಿಗೆಯಲ್ಲಿ ಒಂದು ಅಲ್ಪಾಂಶವನ್ನು ಕಾಡು ಮತ್ತು ಕಾಡುಪ್ರಾಣಿಗಳಿಗೆಂದು ತಾವೇ ಹೊತ್ತುಕೊಂಡರು. ಎಂಟು ಡಾಲರಿನ ವಸ್ತುವಿಗೆ ಒಂದು ಸೆಂಟು! ಬೇಟೆಗಾರನೂ ಕೊಡುವನು, ಬೇಟೆಯನ್ನು ಒಲ್ಲದವನೂ ಕೊಡುವನು. ಒಬ್ಬನ ವಿನೋದಕ್ಕೆ ಅಂಟಿದ್ದ ಹೊಣೆಯು ಅಲ್ಲಿ ಸರ್ವರದಾಯಿತು.

ಕನ್ನಡನಾಡಿಗೂ ಇದರಲ್ಲಿ ಪಾಠವುಂಟು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. 1972ರ ಕಾನೂನಿನಿಂದ ವಿನೋದದ ಬೇಟೆಯು ನಿಂತಿತು. ರಕ್ಷಣೆಯ ವೆಚ್ಚವನ್ನು ಬೊಕ್ಕಸವು ಹೊತ್ತಿತು. ಆದರೆ ಆನೆಯು ರಾತ್ರಿಯಲ್ಲಿ ತುಳಿದ ರಾಗಿಹೊಲದ ನಷ್ಟವನ್ನು ಪರಿಹಾರದ ಹಣವು ಪೂರ್ತಿ ತುಂಬದೆ ಹೋದಾಗ, ಪಟ್ಟಣವಾಸಿಯ ದಯೆಗೆ ಬೆಲೆ ತೆತ್ತವನು ಕಾಡಂಚಿನ ಒಕ್ಕಲಿಗನೇ ಆಗುವನು. ಅಲ್ಲಿ ಬೇಟೆಗಾರನ ಮೇಲೆ, ಇಲ್ಲಿ ರೈತನ ಮೇಲೆ ಭಾರವನ್ನು ಹೊರಿಸಿ ಉಳಿದವರು ಹಗುರಾಗಿರುವುದು ನ್ಯಾಯವಲ್ಲ. ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಒಪ್ಪಿದವನು, ಆ ದಯೆಯ ವೆಚ್ಚದಲ್ಲಿ ತನ್ನ ಪಾಲೆಷ್ಟೆಂದು ಕೇಳಿ ಅದನ್ನು ಸಲ್ಲಿಸಬೇಕಾದುದು ಕರ್ತವ್ಯ.