ಕಟ್ಟಿದವನ ಹೊಣೆ

ವಯನಾಡಿನ ಚೇಕಾಡಿ ಮೂರು ಕಡೆ ಕಾಡಿನಿಂದಲೂ ಒಂದು ಕಡೆ ಕಬಿನಿಯಿಂದಲೂ ಆವೃತವಾದ ಊರು. ಗಂಧಕಸಾಲೆಯೆಂಬ ಪರಿಮಳದ ಬತ್ತಕ್ಕೆ ಹೆಸರಾದ ಅಲ್ಲಿಯ ಗದ್ದೆಗಳಲ್ಲಿ ತೆನೆ ತುಂಬುತ್ತಲೇ ಆನೆ ಹಂದಿಗಳು ಕಾಡನ್ನಿಳಿದು ಬರುತ್ತವೆ. ರೈತರು ಅಟ್ಟಣೆಯೇರಿ ಇರುಳೆಲ್ಲ ಕಾವಲಿರಬೇಕಾಗುತ್ತದೆ. ಅಂತಹ ಒಂದು ಅಟ್ಟಣೆಯನ್ನು ನಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ರೈತನೊಬ್ಬ ತಾನೇ ಬಿದಿರು ಕಡಿದು, ತಾನೇ ಕಟ್ಟಿ, ಮೂರು ಬೆಳೆಗಳ ಕಾಲ ಅದರ ಮೇಲೆ ನಿಶ್ಚಿಂತೆಯಿಂದ ಕುಳಿತಿದ್ದಾನೆ. ನಾಲ್ಕನೆಯ ಬೆಳೆಗೆ ನೆರೆಯವನು ಬಂದು, 'ಅಣ್ಣಾ, ನಿನ್ನದರಂತೆಯೇ ಕಟ್ಟಿದ್ದ ಆಚೆ ಗದ್ದೆಯ ಅಟ್ಟಣೆ ರಾತ್ರಿ ಮುರಿದು ಬಿತ್ತು. ನಿನ್ನದನ್ನೂ ಒಮ್ಮೆ ಬಿಚ್ಚಿ ನೋಡು' ಎನ್ನುತ್ತಾನೆ. ಹೊರಗಿನಿಂದ ನೋಡಿದರೆ ಒಂದು ಕಟ್ಟೂ ಸಡಿಲಿಲ್ಲ, ಒಂದು ಗಳುವೂ ಬಿರಿದಿಲ್ಲ. ಬಿಚ್ಚಿದರೆ ಎರಡು ದಿನದ ಕೆಲಸ ಹಾಳು. ಬಿಚ್ಚದಿದ್ದರೆ, ಈ ಸಂಜೆ ಅವನ ಮಗನೂ ಅವನೊಡನೆ ಮೇಲೇರುವವನಿದ್ದಾನೆ. ಅವನು ಏನು ಮಾಡಬೇಕು?

ಈ ಪ್ರಶ್ನೆ ಬಿದಿರಿನ ಅಟ್ಟಣೆಗೆ ಮಾತ್ರ ಸಂಬಂಧಿಸಿದ್ದಲ್ಲ. ತಮ್ಮ ಕೈಯಿಂದಲೇ ವಿಮಾನ ಕಟ್ಟಿ ಹಾರುವ ಜನರಿಗೂ ಇದೇ ಪ್ರಶ್ನೆ ಎದುರಾಗಿದೆ. ಮನೆಯ ಕೊಟ್ಟಿಗೆಯಲ್ಲಿ ವಿಮಾನ ಕಟ್ಟುವುದೆಂದರೆ ನಮ್ಮ ವಿದ್ಯಾರ್ಥಿಗಳು ನಕ್ಕಾರು. ಆದರೆ ಅಮೆರಿಕ ಮೊದಲಾದ ದೇಶಗಳಲ್ಲಿ ನಕ್ಷೆಯನ್ನೂ ತಗಡುಗಳನ್ನೂ ಕೊಂಡು ತಂದು, ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ದುಡಿದು, ಒಬ್ಬರೋ ಇಬ್ಬರೋ ಕೂರುವ ಸಣ್ಣ ವಿಮಾನವನ್ನು ಸಿದ್ಧಪಡಿಸುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ಕೆಲಸದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕೆಂಬುದು ಅಲ್ಲಿಯ ನಿಯಮ. ನಮ್ಮ ನಾಡಿಗೂ ಈ ವಿದ್ಯೆ ತೀರ ಅಪರಿಚಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1980ರ ದಶಕದಲ್ಲಿ ಒಂದು ಹಗುರ ವಿಮಾನವನ್ನು ಪ್ರಯೋಗಕ್ಕಾಗಿ ನಿರ್ಮಿಸಿದಾಗ, ಬರ್ಟ್ ರುಟಾನ್ ಎಂಬ ಅಮೆರಿಕದ ವಿನ್ಯಾಸಕಾರರು ಹವ್ಯಾಸಿಗಳಿಗೆಂದೇ ರಚಿಸಿದ್ದ ಲಾಂಗ್-ಈಝೀ ಮಾದರಿಯನ್ನು ಆಧಾರವಾಗಿಟ್ಟುಕೊಂಡಿತು. ಅದೇ ಪ್ರಯೋಗಾಲಯದ 'ಹಂಸ' ವಿಮಾನ 1993ರಲ್ಲಿ ಮೊದಲು ಹಾರಿತು.

ನಾವು ಇಲ್ಲಿ ಪರಿಶೀಲಿಸಲಿರುವುದು ಝೋಡಿಯಾಕ್ ಸಿ.ಎಚ್. 601 ಎಕ್ಸ್.ಎಲ್. ಎಂಬ ವಿಮಾನದ ಕಥೆಯನ್ನು. ಅದರ ವಿನ್ಯಾಸಕಾರರಾದ ಕ್ರಿಸ್ ಹೈಂಟ್ಸ್ ಅವರು ಅನುಭವಶಾಲಿ ಇಂಜಿನಿಯರು. ಕಾಂಕಾರ್ಡ್ ವಿಮಾನದ ಕಾರ್ಯದಲ್ಲಿ ಪಾಲುಗೊಂಡಿದ್ದವರು. ನಮ್ಮ ಎನ್.ಸಿ.ಸಿ.ಯ ವೈಮಾನಿಕ ವಿಭಾಗದ ಕೆಡೆಟ್ಟುಗಳು ಹಾರಿರುವ ಸಿ.ಎಚ್. 701 ಕೂಡ ಅವರದೇ ರಚನೆ. ಆದರೆ ಅದರ ರೆಕ್ಕೆಯ ಕಟ್ಟಡವೇ ಬೇರೆ, ಮುಂದೆ ಹೇಳುವ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಝೋಡಿಯಾಕ್ ಎರಡು ಆಸನಗಳ, ಅಲ್ಯೂಮಿನಿಯಂ ತಗಡಿನ, ಸುಮಾರು 600 ಕಿಲೋಗ್ರಾಂ ತೂಕದೊಡನೆ ಹಾರಬಲ್ಲ ಸುಂದರವಾದ ವಿಮಾನ. ಅನೇಕರು ಅದನ್ನು ಮನೆಯಲ್ಲಿಯೇ ಕಟ್ಟಿದರು. ಹೀಗಿರಲು, ಕೆಲವೇ ವರ್ಷಗಳಲ್ಲಿ ಆರು ಝೋಡಿಯಾಕ್ ವಿಮಾನಗಳು ಆಕಾಶದಲ್ಲಿಯೇ ಮುರಿದು ಬಿದ್ದು ಹತ್ತು ಜನ ಮಡಿದರು. 2009ರ ಏಪ್ರಿಲ್ 14ರಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು ಈ ಜಾತಿಯ ವಿಮಾನಗಳ ಹಾರಾಟವನ್ನೇ ನಿಲ್ಲಿಸಬೇಕೆಂದು ಸಲಹೆಯಿತ್ತಿತು.

ದೋಷವೇನೆಂಬುದನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ವಿಮಾನದ ಭಾರವನ್ನೆಲ್ಲ ಹೊರುವುದು ರೆಕ್ಕೆಯೊಳಗೆ ಉದ್ದಕ್ಕೆ ಹಾಯ್ದಿರುವ ಸ್ಪಾರ್ ಎಂಬ ತೊಲೆ. ಹಾರುವಾಗ ರೆಕ್ಕೆಯ ತುದಿ ಮೇಲಕ್ಕೆ ಬಾಗುವುದರಿಂದ ತೊಲೆಯ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಒಂದು ಕಾಗದದ ಪಟ್ಟಿಯನ್ನು ಎರಡೂ ತುದಿ ಹಿಡಿದು ಎಳೆಯಿರಿ. ಅದು ಸುಲಭವಾಗಿ ಹರಿಯದು. ಅದೇ ಪಟ್ಟಿಯನ್ನು ತುದಿಗಳಿಂದ ಒತ್ತಿರಿ, ಒಡನೆಯೇ ಮಡಿಚಿಕೊಳ್ಳುತ್ತದೆ. ತೆಳು ತಗಡಿನ ತೊಲೆಯ ಮೇಲ್ಮೈಗೆ ಒದಗುವ ಅಪಾಯವೂ ಇದೇ. ವಿಮಾನ 60 ಅಂಶ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗಿದರೆ ರೆಕ್ಕೆ ಹೊರುವ ಭಾರ ಇಮ್ಮಡಿಯಾಗುತ್ತದೆಂಬುದನ್ನು ನೆನೆದರೆ ತೊಲೆಯ ಕಷ್ಟ ಅರ್ಥವಾದೀತು. ಇನ್ನೊಂದು ಅಪಾಯ ಫ್ಲಟರ್ ಎಂಬ ನಡುಕ. ಬಿರುಗಾಳಿಯಲ್ಲಿ ಬಾವುಟದ ಅಂಚು ಪಟಪಟನೆ ಬಡಿದುಕೊಳ್ಳುವಂತೆ, ರೆಕ್ಕೆಯ ಹಿಂದಂಚಿನಲ್ಲಿ ಕೀಲಿನ ಮೇಲೆ ಆಡುವ ಏಲೆರಾನ್ ಎಂಬ ಹಲಗೆ ವೇಗ ಮಿತಿಮೀರಿದಾಗ ನಡುಗಲಾರಂಭಿಸಿ, ಆ ನಡುಕ ರೆಕ್ಕೆಯ ಓಲಾಟದೊಡನೆ ಕೂಡಿಕೊಂಡು ಕ್ಷಣಮಾತ್ರದಲ್ಲಿ ರೆಕ್ಕೆಯನ್ನೇ ಮುರಿಯಬಲ್ಲದು. ಕೀಲಿನ ಮುಂಭಾಗದಲ್ಲಿ ತಕ್ಕಷ್ಟು ತೂಕವನ್ನಿಟ್ಟು ಹಲಗೆಯನ್ನು ಸರಿತೂಗಿಸುವುದೇ ಅದಕ್ಕೆ ಮದ್ದು.

2009ರ ನವೆಂಬರ್ 7ರಂದು ಅಮೆರಿಕದ ವಿಮಾನಯಾನ ಆಡಳಿತವು, ರೆಕ್ಕೆಗಳನ್ನು ಬಲಪಡಿಸದೆ ಮತ್ತೆ ಹಾರಬಾರದೆಂದು ಝೋಡಿಯಾಕಿನ ಎಲ್ಲ ಒಡೆಯರಿಗೂ ಬಲವಾಗಿ ಶಿಫಾರಸು ಮಾಡಿತು. ತಯಾರಕರು ನಕ್ಷೆಗಳನ್ನೂ ಬಿಡಿಭಾಗಗಳನ್ನೂ ಸಿದ್ಧಗೊಳಿಸಿದರು: ನಡುತೊಲೆಗೆ ಬಲವರ್ಧನೆ, ರೆಕ್ಕೆಯ ತೊಲೆಗೆ ಹೊಸ ಪಟ್ಟಿಗಳು, ಏಲೆರಾನಿಗೆ ಸರಿತೂಕದ ಗುಂಡು. ಹೇಳುವುದಕ್ಕೆ ಇಷ್ಟೆ. ಮಾಡುವುದಕ್ಕೆ ಮಾತ್ರ ರೆಕ್ಕೆಗಳನ್ನು ಕಳಚಿ, ಬಣ್ಣ ಬಳಿದು ಮುಗಿಸಿದ ತಗಡನ್ನು ಮತ್ತೆ ಬಿಚ್ಚಿ, ತಾನೇ ಅಕ್ಕರೆಯಿಂದ ಕೂಡಿಸಿದ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ವರ್ಷಗಟ್ಟಲೆ ದುಡಿದು ಮುಗಿಸಿದವನಿಗೆ ಇದು ಕಟ್ಟಿದ ಮನೆಯ ಗೋಡೆಯನ್ನು ತಾನೇ ಅಗೆಯುವಷ್ಟು ಕಠಿನ.

ನಮ್ಮ ಪ್ರಶ್ನೆ ತೀಕ್ಷ್ಣವಾಗುವುದು ಇಲ್ಲಿಯೇ. ಕಾರ್ಖಾನೆಯಲ್ಲಿ ಸಿದ್ಧವಾಗಿ ಮಾರಾಟವಾದ ಝೋಡಿಯಾಕ್‌ಗಳಿಗೆ ಈ ಬದಲಾವಣೆ ಕಡ್ಡಾಯವಾಯಿತು. ಹೊಸದಾಗಿ ಅನುಮತಿ ಬೇಡಿದವರಿಗೂ ಇದಿಲ್ಲದೆ ಅನುಮತಿ ದೊರೆಯದಾಯಿತು. ಆದರೆ ಮನೆಯಲ್ಲಿ ಕಟ್ಟಿ ಅದಾಗಲೇ ಅನುಮತಿ ಪಡೆದಿದ್ದವರ ಪಾಲಿಗೆ ಅದು ಆಜ್ಞೆಯಲ್ಲ, ಸಲಹೆ. ಅಲ್ಲಿ ವಿಮಾನ ಕಟ್ಟಿದ ಹವ್ಯಾಸಿಯೇ ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸುವ ಅಧಿಕಾರವನ್ನೂ ಪಡೆಯಬಹುದು. ಎಂದರೆ, ಕಟ್ಟಿದವನೂ ಅವನೇ, ಪರೀಕ್ಷಕನೂ ಅವನೇ, ಹಾರುವವನೂ ಅವನೇ. ಮುಚ್ಚಿದ ರೆಕ್ಕೆಯೊಳಗೆ ಏನಿದೆಯೆಂಬುದಕ್ಕೆ ಅವನ ಮನಸ್ಸೊಂದೇ ಸಾಕ್ಷಿ. ಕಾನೂನು ಕೈಬಿಟ್ಟ ಎಡೆಯಲ್ಲಿ ಧರ್ಮವೂ ಕೈಬಿಡುವುದೇ?

ಬಿಚ್ಚಲೊಲ್ಲದವನ ವಾದಗಳನ್ನು ನಾವು ಲಘುವಾಗಿ ಕಾಣಬಾರದು. 'ಇದು ನೂರಾರು ಗಂಟೆ ಹಾರಿದೆ, ಒಂದು ಬಿರುಕೂ ಕಂಡಿಲ್ಲ' ಎಂಬುದು ಮೊದಲನೆಯ ವಾದ. ಆದರೆ ಮುರಿದು ಬಿದ್ದ ವಿಮಾನಗಳೂ ಆ ದಿನದವರೆಗೆ ಮುರಿಯದೆ ಹಾರಿದ್ದುವಲ್ಲವೆ? ಗತಕಾಲದ ಕ್ಷೇಮವು ಆದ ಹಾರಾಟಗಳಿಗೆ ಸಾಕ್ಷಿ ನುಡಿಯಬಲ್ಲುದೇ ಹೊರತು ಆಗಲಿರುವ ಹಾರಾಟಕ್ಕೆ ಜಾಮೀನಾಗಲಾರದು. 'ಕಾರಣವೇ ನಿಶ್ಚಿತವಾಗಿಲ್ಲ' ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯಾಂಶವಿದೆ. ಏಲೆರಾನಿನ ತಂತಿಗಳು ಸರಿಯಾದ ಬಿಗಿತದಲ್ಲಿದ್ದರೆ ನಡುಕವುಂಟಾಗದೆಂದು ತಯಾರಕರು ವಾದಿಸಿದ್ದರು. ವಿಮಾನಯಾನ ಆಡಳಿತದ ವಿಶೇಷ ತಂಡವು 2010ರ ಜನವರಿಯಲ್ಲಿ ಪ್ರಕಟಿಸಿದ ವರದಿಯೂ ಒಂದೇ ಮೂಲಕಾರಣವನ್ನು ಬೆರಳಿಟ್ಟು ತೋರಿಸದೆ, ಹಲವು ದೌರ್ಬಲ್ಯಗಳು ಒಂದುಗೂಡಿದ ಸಂಭವವನ್ನು ಸೂಚಿಸಿತು. ಆದರೆ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ನ್ಯಾಯಾಲಯದಲ್ಲಿ ಅದು ಆಪಾದಿತನಿಗೆ ಸಲ್ಲುತ್ತದೆ. ರೆಕ್ಕೆ ಆಪಾದಿತನಲ್ಲ. ಅದರ ಕೆಳಗೆ ಪ್ರಾಣಗಳಿವೆ. ಸಂಶಯದ ಲಾಭ ಆ ಪ್ರಾಣಗಳಿಗೇ ಸಲ್ಲಬೇಕು.

'ನನ್ನ ಪ್ರಾಣ ನನ್ನದು, ಅದನ್ನು ಪಣವಾಗಿಡುವ ಸ್ವಾತಂತ್ರ್ಯ ನನಗಿದೆ' ಎಂಬುದು ಮೂರನೆಯ ವಾದ, ಮತ್ತು ಎಲ್ಲಕ್ಕಿಂತ ಗಟ್ಟಿಯಾದುದು. ಒಬ್ಬಂಟಿಗನಾಗಿ ಹಾರುವವನ ಮಟ್ಟಿಗೆ ನಾವು ಇದನ್ನು ಸಂಪೂರ್ಣವಾಗಿ ಅಲ್ಲಗಳೆಯಲಾರೆವು. ಆದರೆ ವಿಮಾನದಲ್ಲಿರುವುದು ಎರಡು ಆಸನ. ಅಮೆರಿಕದಲ್ಲಿ ಇಂತಹ ವಿಮಾನಗಳ ಒಳಗೆ ಒಂದು ಫಲಕವಿರಬೇಕೆಂಬ ನಿಯಮವಿದೆ: ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷಾ ನಿಯಮಗಳಿಗೆ ಒಳಪಟ್ಟುದಲ್ಲ ಎಂದು ಅದು ಪ್ರಯಾಣಿಕನನ್ನು ಎಚ್ಚರಿಸುತ್ತದೆ. ಫಲಕವನ್ನು ಓದಿ ಒಳಬಂದ ಗೆಳೆಯನು ಎಲ್ಲವನ್ನೂ ಬಲ್ಲವನಾಗಿ ಒಪ್ಪಿದನೆನ್ನಬಹುದೇ? ಅವನು ಓದಿದ್ದು ಫಲಕವನ್ನು, ನಂಬಿದ್ದು ಮನುಷ್ಯನನ್ನು. ರೆಕ್ಕೆಗೆ ಸಂಬಂಧಿಸಿದ ಪತ್ರವೊಂದು ಒಡೆಯನ ಮೇಜಿನ ಮೇಲೆ ಬಿದ್ದಿದೆಯೆಂಬುದು ಫಲಕದಲ್ಲಿಲ್ಲ. ತಿಳಿದವನು ತಿಳಿಯದವನನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಅಪಾಯ ಇಬ್ಬರಿಗೂ ಸಮನಾದರೂ ಹೊಣೆ ಸಮನಲ್ಲ. ವಿಮಾನವನ್ನು ಹಾಗೆಯೇ ಮಾರಿ ಕೈತೊಳೆದುಕೊಂಡರೂ ಆ ಹೊಣೆ ತೀರದು. ಅದು ಅರಿಯದ ಇನ್ನೊಬ್ಬನ ತಲೆಯ ಮೇಲೆ ಕುಳಿತೀತು, ಅಷ್ಟೆ.

ಹಾಗೆಂದು, ಭಯಗೊಂಡು ತೋಚಿದಲ್ಲೆಲ್ಲ ತಗಡು ಬಡಿಯುವುದೂ ಧರ್ಮವಲ್ಲ. ಒಂದೆಡೆ ಮಿತಿಮೀರಿ ಬಲಪಡಿಸಿದರೆ ಭಾರ ಅದರ ಮಗ್ಗುಲಿನ ದುರ್ಬಲ ಭಾಗಕ್ಕೆ ಸರಿಯಬಹುದು. ಹಳೆಯ ರಿವೆಟ್ಟನ್ನು ಅಜಾಗ್ರತೆಯಿಂದ ಕೊರೆದರೆ ತೂತು ಅಗಲಿಸಿ, ಇಲ್ಲದ ದೋಷ ಹುಟ್ಟಬಹುದು. ಹೆಚ್ಚಿಸಿದ ತೂಕವನ್ನೂ ರೆಕ್ಕೆಯೇ ಹೊರಬೇಕು. ಆದುದರಿಂದ ನಕ್ಷೆಯಲ್ಲಿ ಹೇಳಿದಷ್ಟನ್ನು, ಹೇಳಿದ ರೀತಿಯಲ್ಲಿ ಮಾಡಿ, ತಾನು ಮಾಡಿದುದನ್ನು ತಗಡು ಮುಚ್ಚುವ ಮೊದಲು ಇನ್ನೊಬ್ಬ ಬಲ್ಲವನ ಕಣ್ಣಿಗೆ ತೋರಿಸುವುದೇ ವಿವೇಕ. ತನ್ನ ಕೆಲಸದಲ್ಲಿ ತಪ್ಪು ಕಾಣುವ ಕಣ್ಣು ತನಗೆ ಸ್ವಲ್ಪ ಮಂಕಾಗಿಯೇ ಇರುತ್ತದೆ; ಪ್ರೀತಿಯ ಸ್ವಭಾವವೇ ಅದು.

ಈ ಮಾತು ಉಪಾಧ್ಯಾಯರಾದ ನಮಗೂ ಅನ್ವಯಿಸುತ್ತದೆ. ಹತ್ತು ವರ್ಷ ಹೇಳಿಕೊಟ್ಟ ಪಾಠದಲ್ಲೊಂದು ತಪ್ಪಿತ್ತೆಂದು ಒಂದು ದಿನ ತಿಳಿಯುತ್ತದೆ. ಇನ್ಸ್‌ಪೆಕ್ಟರು ಕೇಳಿಲ್ಲ, ಮಕ್ಕಳಿಗೆ ತಿಳಿದಿಲ್ಲ. ಮರುದಿನ ತರಗತಿಯಲ್ಲಿ, 'ನಿನ್ನೆ ನಾನು ಹೇಳಿದ್ದು ತಪ್ಪು, ತಿದ್ದಿಕೊಳ್ಳಿ' ಎನ್ನುವುದೆಂದರೆ ಬಣ್ಣ ಬಳಿದ ರೆಕ್ಕೆಯನ್ನು ಬಿಚ್ಚುವಷ್ಟೇ ಕಷ್ಟ. ಆದರೆ ಆ ಒಂದು ಮಾತಿನಿಂದ ಮಕ್ಕಳು ಕಲಿಯುವುದು ಆ ದಿನದ ಪಾಠಕ್ಕಿಂತ ದೊಡ್ಡದು.

ತಾನು ಕಟ್ಟಿದ್ದು ತನ್ನದೆಂಬ ಹೆಮ್ಮೆ ಸಹಜ. ಅದು ತಪ್ಪೂ ಅಲ್ಲ. ಆ ಹೆಮ್ಮೆಯಿಲ್ಲದಿದ್ದರೆ ಯಾರೂ ಏನನ್ನೂ ಕಟ್ಟುತ್ತಿರಲಿಲ್ಲ. ಆದರೆ 'ನನ್ನದು' ಎಂಬ ಮಾತಿಗೆ ಎರಡು ಅರ್ಥಗಳಿವೆ. ನನ್ನದು, ಆದುದರಿಂದ ಯಾರೂ ಮುಟ್ಟಕೂಡದು ಎಂಬುದು ಒಂದು. ನನ್ನದು, ಆದುದರಿಂದ ಅದರ ತಪ್ಪೂ ನನ್ನದೇ ಎಂಬುದು ಇನ್ನೊಂದು. ಮೊದಲನೆಯದು ಒಡೆತನ, ಎರಡನೆಯದು ಹೊಣೆ. ರಿವೆಟ್ಟುಗಳನ್ನು ಕೊರೆದು ತೆಗೆಯುವ ಹವ್ಯಾಸಿ ತನ್ನ ಕೆಲಸವನ್ನು ಹಾಳುಮಾಡುತ್ತಿಲ್ಲ. ಇನ್ನೂ ಮುಗಿಯದ ಕೆಲಸವನ್ನು ಮುಂದುವರಿಸುತ್ತಿದ್ದಾನೆ.

ಚೇಕಾಡಿಯ ಗದ್ದೆಯಂಚಿನಲ್ಲಿ ನಾವು ಬಿಟ್ಟುಬಂದ ರೈತನಿಗೆ ಇನ್ನು ಹೆಚ್ಚು ಉಪದೇಶದ ಅವಶ್ಯಕತೆಯಿಲ್ಲ. ಹೊತ್ತು ಮುಳುಗುವ ಮೊದಲು ಅವನು ಒಂದು ಕಟ್ಟನ್ನಾದರೂ ಬಿಚ್ಚಿ ನೋಡಲಿ. ಒಳಗೆ ಬಿದಿರು ಗಟ್ಟಿಯಾಗಿದ್ದರೆ ಅವನು ಕಳೆದುಕೊಳ್ಳುವುದು ಒಂದು ಹಗಲು. ಹುಳು ಹಿಡಿದಿದ್ದರೆ, ಈ ರಾತ್ರಿ ಅಟ್ಟಣೆ ಬರಿದಾಗಿರಲಿ; ಆನೆ ತಿಂದ ಬತ್ತವನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು.